ಧಾರವಾಡ ಸೀಮೆಯ ಮಾತಿಗೆ ಕಿವಿಗೊಟ್ಟ ಕಿಟೆಲ್



ಪ್ರತಿವರ್ಷ ಚಳಿಗಾಲ ಆರಂಭವಾಗುತ್ತಿದ್ದಂತೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೇಸಿಗೆಗೆ ಮುನ್ನ ತಮ್ಮ ನಾಡಿಗೆ ಮರಳುತ್ತವೆ. ಇಲ್ಲಿನ ನೀರಿನೊಡನೆ, ಕಾಳಿನೊಡನೆ ವ್ಯವಹರಿಸಲು ಅವಕ್ಕೆ ದುಭಾಷಿ ಬೇಕಿಲ್ಲ. ಮನುಷ್ಯನ ಸಂಗತಿ ಬೇರೆ. ದೂರದಿಂದ ಬಂದವನು ಒಂದು ತಂಬಿಗೆ ನೀರು ಕೇಳಬೇಕಾದರೂ ಇಲ್ಲಿಯವರ ಮಾತನ್ನು ಕಲಿಯಬೇಕು. ಇನ್ನು ದೇವರ ವಾಕ್ಯವನ್ನು ಹೇಳಬಂದವನ ಪಾಡನ್ನು ಕೇಳುವುದೇ ಬೇಡ.

ಅಂಥ ಪಾಡನ್ನು ಪಟ್ಟ ಒಬ್ಬರ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರು ಫರ್ಡಿನೆಂಡ್ ಕಿಟೆಲ್. ಹೆಸರು ನಿಮಗೆ ಹೊಸದಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಕನ್ನಡ ಓದಿದ ಯಾರಿಗಾದರೂ ಕಿಟೆಲ್ ನಿಘಂಟು ಎಂಬ ಮಾತು ಗೊತ್ತು. ಅವರು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಬೋಧಕರು. ಅವರ ಕಾಲದಲ್ಲಿ ನಮ್ಮ ಗುರುಗಳಿಗೂ ಬಾಸೆಲ್ ಮಿಷನ್ನಿನ ಪಾದ್ರಿಗಳಿಗೂ ಅಷ್ಟಕ್ಕಷ್ಟೇ. ಆದರೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯವನ್ನು ಕುರಿತು ತನ್ನ ಬೋಧನೆಯನ್ನು ನೀಡಿದ ಮೇಲೆ, ಬೇರ್ಪಟ್ಟ ಸಹೋದರರಲ್ಲಿ ಪವಿತ್ರಾತ್ಮರು ಮಾಡಿದ ಕೆಲಸವನ್ನು ಕಂಡು ಸಂತೋಷಪಡಲು ನಮಗೆ ಸಂಕೋಚ ಬೇಕಿಲ್ಲ. ಕನ್ನಡದಲ್ಲಿ ಪೂಜೆ ಅರ್ಪಿಸುವ, ಕನ್ನಡದಲ್ಲಿ ಪ್ರಬೋಧನೆ ಮಾಡುವ ಗುರುಗಳೆಲ್ಲರೂ ಅವರಿಗೆ ಸ್ವಲ್ಪವಾದರೂ ಸಾಲಗಾರರು.

ಕಿಟೆಲ್ ಅವರು ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರದ ಕಡಲತೀರದ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬಲ್ಲಿ. ತಂದೆ ಸಭಾಪಾಲಕರು. ಆ ಸೀಮೆಯ ಒಂದು ವಿಶೇಷವನ್ನು ಗಮನಿಸಬೇಕು. ಅಲ್ಲಿ ರೈತರು, ಮೀನುಗಾರರು ಮನೆಯಲ್ಲಿ ಆಡುವುದು ತಗ್ಗುನಾಡಿನ ಜರ್ಮನ್. ಶಾಲೆಯಲ್ಲಿ, ದೇವಾಲಯದಲ್ಲಿ, ಪುಸ್ತಕದಲ್ಲಿ ಇರುವುದು ಬೇರೊಂದು ಜರ್ಮನ್. ಒಂದನ್ನು ಮಾತ್ರ ಬಲ್ಲವನಿಗೆ ಇನ್ನೊಂದು ಸಲೀಸಾಗಿ ತಿಳಿಯುವುದಿಲ್ಲ. ಬಾಯಿಯ ಮಾತು ಬೇರೆ, ಬರಹದ ಮಾತು ಬೇರೆ ಎಂಬ ಪಾಠ ಅಂಥ ಊರಿನ ಮಕ್ಕಳಿಗೆ ತಾನಾಗಿಯೇ ಆಗುತ್ತದೆ. ನಮ್ಮ ಮಕ್ಕಳಿಗೂ ಆಗುವುದಿಲ್ಲವೇ? ಮನೆಯಲ್ಲಿ ಹೋಗ್ತೇನ್ರಿ, ಬರ್ತೇನ್ರಿ ಎನ್ನುವ ಹುಡುಗ ಶಾಲೆಯ ಪುಸ್ತಕದಲ್ಲಿ ಹೋಗುತ್ತೇನೆ, ಬರುತ್ತೇನೆ ಎಂದು ಓದುತ್ತಾನೆ. ಮುಂದೆ ಶಾಲೆಯಲ್ಲಿ ಕಿಟೆಲ್ ಲತೀನ್, ಗ್ರೀಕ್, ಹೀಬ್ರೂ ಭಾಷೆಗಳನ್ನೂ ಕಲಿತರು. 1850ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿ, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಭಾರತಕ್ಕೆ ಬಂದರು.

ಅಷ್ಟರಲ್ಲಿ ಬಾಸೆಲ್ ಮಿಷನ್ ನಮ್ಮ ನಾಡಿನಲ್ಲಿ ಬೇರು ಬಿಟ್ಟಿತ್ತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಬೆಟಗೇರಿಯ ಸಿ.ಎಸ್.ಐ. ಆಸ್ಪತ್ರೆಯನ್ನು ಜರ್ಮನ್ ಆಸ್ಪತ್ರೆ ಎಂದು ಕರೆಯುವ ಹಿರಿಯರು ಈಗಲೂ ಇದ್ದಾರೆ. ಅದೇ ಮಿಷನ್ನಿನ ನೆನಪು ಅದು.

ಕಿಟೆಲ್ ಬರುವುದಕ್ಕೆ ಹನ್ನೆರಡು ವರ್ಷ ಮೊದಲು ಇದೇ ಬೆಟಗೇರಿಯ ಪಕ್ಕದ ಮಳಸಮುದ್ರದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಈ ಭಾಗದಲ್ಲಿ ಕಾಲಜ್ಞಾನವನ್ನು ನಂಬುವ ಕೆಲವು ಭಕ್ತರಿದ್ದರು. ಮುಂದೆ ಬರಲಿರುವ ಕಾಲವನ್ನು ಕುರಿತ ಅವರ ನುಡಿಗಳನ್ನು ಕೇಳಿದ ಬೋಧಕರಿಗೆ, ಇವರು ಕಾಯುತ್ತಿರುವುದು ನಮ್ಮ ಶುಭಸಂದೇಶವನ್ನೇ ಎನ್ನಿಸಿತು. ಸಾವಿರಾರು ಜನ ಕ್ರೈಸ್ತರಾಗುವರೆಂಬ ನಿರೀಕ್ಷೆ ಹುಟ್ಟಿತು. ಮಳಸಮುದ್ರದಲ್ಲಿ ಜಮೀನು ಪಡೆದು ಅವರಿಗಾಗಿ ಒಂದು ನೆಲೆಯನ್ನೂ ಮಾಡಿದರು. ನಿರೀಕ್ಷಿಸಿದ ಜನ ಬರಲಿಲ್ಲ. ಇಬ್ಬರೂ ಆಡಿದ್ದು ಕನ್ನಡವೇ, ಇಬ್ಬರೂ ಪ್ರಾಮಾಣಿಕರೇ. ಆದರೆ ಹೇಳಿದವರು ಹೇಳಿದ ಅರ್ಥ ಒಂದು, ಕೇಳಿದವರು ಕೇಳಿಸಿಕೊಂಡ ಅರ್ಥ ಇನ್ನೊಂದು ಎಂದೇ ನಾನು ಈ ಘಟನೆಯನ್ನು ಓದುತ್ತೇನೆ. ಪದಗಳು ಗೊತ್ತಿದ್ದರೆ ಭಾಷೆ ಗೊತ್ತಾಯಿತು ಎಂದುಕೊಳ್ಳುವವರು ಒಮ್ಮೆ ಮಳಸಮುದ್ರವನ್ನು ನೆನೆಯಬೇಕು.

ಯುವಕ ಕಿಟೆಲ್ ತಮ್ಮ ಸೇವೆಯ ಆರಂಭದ ದಿನಗಳನ್ನು ಕಳೆದದ್ದು ಧಾರವಾಡ-ಹುಬ್ಬಳ್ಳಿಯ ಈ ಸೀಮೆಯಲ್ಲೇ. ಆಗ ಇದಕ್ಕೆ ಆಂಗ್ಲರು ಇಟ್ಟಿದ್ದ ಹೆಸರು ದಕ್ಷಿಣ ಮರಾಠಾ ಸೀಮೆ. ಆಡುವ ಮಾತು ಕನ್ನಡ, ಆಳುವ ಮಾತು ಮರಾಠಿ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ದಫ್ತರದ ಕಾಗದ ಬಂದರೆ ಅದನ್ನು ಓದಿ ಹೇಳಲು ರೈತನು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿತ್ತು. ವಿಚಿತ್ರವೆಂದರೆ, ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ಹೆಸರನ್ನೇ ಹೇಳಿದ್ದಾನೆ. ಪುಲಿಗೆರೆಯ ನೆರಳಿನಲ್ಲಿರುವ ಮಾಗಡಿಯಂಥ ಹಳ್ಳಿಯ ರೈತನ ಬಾಯಿಯಲ್ಲಿದ್ದದ್ದು ಆ ತಿರುಳುಗನ್ನಡದ ಮುಂದುವರಿಕೆ. ಅದಕ್ಕೆ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಶಾಲೆಗಳಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಬಹಳ ದುಡಿಯಬೇಕಾಯಿತು.

ಕಿಟೆಲ್ ಅವರಿಗೆ ಎದುರಾದ ಕಷ್ಟ ಯಾವ ಬಗೆಯದು ಎಂಬುದನ್ನು ತಿಳಿಯಲು ನಾವೇ ಸ್ವಲ್ಪ ಯೋಚಿಸೋಣ. ಪಾಪ ಎಂಬ ಪದವನ್ನು ತೆಗೆದುಕೊಳ್ಳಿ. ದೇವರ ಆಜ್ಞೆಯನ್ನು ಮೀರುವುದು ಪಾಪ ಎಂದು ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ಅದೇ ಪದವನ್ನು ನಮ್ಮ ತಾಯಂದಿರು ಬಿದ್ದ ಮಗುವನ್ನು ಕಂಡು ಅಯ್ಯೋ ಪಾಪ ಎಂದು ಕರುಣೆಗೆ ಬಳಸುತ್ತಾರೆ. ಸಾಧು ಮನುಷ್ಯನನ್ನು ಪಾಪದವನು ಎನ್ನುವ ವಾಡಿಕೆಯೂ ಇದೆ. ಹೊಸದಾಗಿ ಕನ್ನಡ ಕಲಿತ ಬೋಧಕನು ಸಂತೆಯಲ್ಲಿ ನಿಂತು ನೀವೆಲ್ಲರೂ ಪಾಪದವರು ಎಂದುಬಿಟ್ಟರೆ, ಜನರು ಪಶ್ಚಾತ್ತಾಪ ಪಡುವ ಬದಲು ಇವನು ನಮ್ಮನ್ನು ಹೊಗಳುತ್ತಿದ್ದಾನೆಂದು ಸಂತೋಷಪಟ್ಟಾರು!

ಹೊಸ ಹುಟ್ಟಿನ ಮಾತು ಇದಕ್ಕಿಂತ ತೊಡಕಿನದು. ಸಂತ ಯೊವಾನ್ನರ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನು ರಾತ್ರಿ ಯೇಸುಸ್ವಾಮಿಯ ಬಳಿಗೆ ಬರುವುದನ್ನು ಓದಿದ್ದೀರಿ. ಅಲ್ಲಿ ಬರುವ ಒಂದು ಗ್ರೀಕ್ ಪದಕ್ಕೆ ಎರಡು ಅರ್ಥಗಳಿವೆ: ಮತ್ತೊಮ್ಮೆ ಎಂಬುದು ಒಂದು, ಮೇಲಿನಿಂದ ಎಂಬುದು ಇನ್ನೊಂದು. ಪ್ರಭು ಹೇಳಿದ್ದು ಮೇಲಿನ ಹುಟ್ಟನ್ನು. ನಿಕೊದೇಮನು ತಿಳಿದದ್ದು ತಾಯಿಯ ಗರ್ಭಕ್ಕೆ ಮರಳುವುದನ್ನು. ಆ ಸಂಭಾಷಣೆಯೆಲ್ಲ ಈ ಒಂದು ಪದದ ಮೇಲೆ ತಿರುಗುತ್ತದೆ. ಕನ್ನಡದಲ್ಲಿ ಎರಡೂ ಅರ್ಥವನ್ನು ಹೊರುವ ಒಂದೇ ಪದವಿಲ್ಲವಾದ್ದರಿಂದ ಅನುವಾದಕನು ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾಗುತ್ತದೆ. ಸಾಲದ್ದಕ್ಕೆ, ನಮ್ಮ ನೆರೆಯ ಹಿಂದೂ ಬಾಂಧವರಿಗೆ ಮತ್ತೆ ಹುಟ್ಟುವುದೆಂದರೆ ಬಿಡಿಸಿಕೊಳ್ಳಬೇಕಾದ ಬಂಧನ. ಬೋಧಕನು ಅದನ್ನೇ ದೊಡ್ಡ ವರವೆಂದು ಸಾರುತ್ತಾನೆ! ಕೇಳುವವನಿಗೆ ಏನನ್ನಿಸಬೇಕು?

ಸಂಬೋಧನೆಯ ಪ್ರಶ್ನೆಯೂ ಇದೆ. ಜರ್ಮನರು ಹಿರಿಯರನ್ನು, ಅಪರಿಚಿತರನ್ನು ಬಹುವಚನದ ರೀತಿಯಲ್ಲಿ ಮಾತನಾಡಿಸುತ್ತಾರೆ. ಪ್ರಾರ್ಥನೆಯಲ್ಲಿ ದೇವರನ್ನು ಮಾತ್ರ ಏಕವಚನದಲ್ಲಿ ಕರೆಯುತ್ತಾರೆ, ಆಪ್ತನೆಂಬ ಕಾರಣಕ್ಕೆ. ಕನ್ನಡ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯು ದೇವರನ್ನು ನೀನು ಎನ್ನುತ್ತದೆ. ನಮ್ಮ ಕಥೋಲಿಕ ಪ್ರಾರ್ಥನೆ ನೀವು ಎನ್ನುತ್ತದೆ. ಒಂದೇ ಓಣಿಯ ಎರಡು ಕ್ರೈಸ್ತ ಮನೆಗಳಲ್ಲಿ ಒಂದೇ ತಂದೆಗೆ ಎರಡು ಸರ್ವನಾಮ. ಅವರ ಸುವಾರ್ತೆ ನಮ್ಮ ಶುಭಸಂದೇಶ, ಅವರ ಯೆಹೋವ ನಮ್ಮ ಸರ್ವೇಶ್ವರ. ಯಾವುದು ಸರಿ ಎಂದು ನನ್ನನ್ನು ಕೇಳುವವರಿದ್ದಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮಗನು ತಂದೆಯನ್ನು ನೀವು ಎಂದರೂ ತಾಯಿಯನ್ನು ನೀನು ಎನ್ನುತ್ತಾನೆ. ತಾಯಿಗೆ ಗೌರವ ಕಡಿಮೆಯಾಯಿತೆಂದು ಯಾರೂ ತಿಳಿಯುವುದಿಲ್ಲ. ಶರಣರೂ ದಾಸರೂ ತಮ್ಮ ದೇವರನ್ನು ನೀನು ಎಂದೇ ಕರೆದರು. ಎರಡೂ ಕನ್ನಡವೇ. ಒಂದರಲ್ಲಿ ಭಯಭಕ್ತಿ ಮುಂದೆ, ಇನ್ನೊಂದರಲ್ಲಿ ಸಲಿಗೆ ಮುಂದೆ.

ಇಂಥ ಸೂಕ್ಷ್ಮಗಳನ್ನು ಮುನ್ಷಿಯ ಮುಂದೆ ಕುಳಿತು ಪುಸ್ತಕದಿಂದ ಕಲಿಯಲಾಗದು. ಯುವಕ ಕಿಟೆಲ್ ಅದನ್ನು ಬೇಗನೆ ಕಂಡುಕೊಂಡರು. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ, ಯೆಹೂದ್ಯರಿಗೆ ತಾವು ಯೆಹೂದ್ಯರಂತಾದುದನ್ನು ಹೇಳಿಕೊಂಡಿದ್ದಾರಲ್ಲವೇ? ಅದನ್ನು ಕಿಟೆಲ್ ಅಕ್ಷರಶಃ ಪಾಲಿಸಹೊರಟರು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕು, ಐರೋಪ್ಯರ ಬಂಗಲೆಯ ಜೀವನ ಬೋಧಕನಿಗೆ ಸಲ್ಲದು ಎಂಬುದು ಅವರ ಹಟವಾಗಿತ್ತು. ಇದು ಜೊತೆಯ ಮಿಷನರಿಗಳಿಗೆ ಹಿಡಿಸಲಿಲ್ಲ. ತಮ್ಮ ಜೀವನವನ್ನು ಟೀಕಿಸಲೆಂದೇ ಈ ಹುಡುಗ ಹೀಗೆ ಮಾಡುತ್ತಾನೆ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಮೇಲಿನವರೊಡನೆ ಮನಸ್ತಾಪ ಬೆಳೆಯಿತು. ಒಂದು ಕಡೆ ನೆಲೆಯೂರಿ ಸಭೆಯನ್ನು ಕಟ್ಟಿದ ಬೋಧಕ ಎಂಬ ಹೆಸರು ಅವರಿಗೆ ಬರಲಿಲ್ಲ. ನೀಲಗಿರಿ, ಮಂಗಳೂರು, ಮಡಿಕೇರಿ ಎಂದು ಊರೂರು ಸುತ್ತಬೇಕಾಯಿತು. ಮಿಷನ್ನಿನ ಲೆಕ್ಕದ ಪುಸ್ತಕದಲ್ಲಿ ಜ್ಞಾನಸ್ನಾನ ಪಡೆದವರ ಸಂಖ್ಯೆಯನ್ನು ನೋಡುವವರಿಗೆ ಕಿಟೆಲ್ ವಿಫಲರಾದ ಮಿಷನರಿ. ಹೀಗೆ ಬರೆಯುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ, ಏಕೆಂದರೆ ವರ್ಷದ ಕೊನೆಗೆ ಧರ್ಮಕೇಂದ್ರದ ಅಂಕಿ-ಅಂಶ ತುಂಬಿಸುವ ಕೆಲಸವನ್ನು ನಾವೂ ಮಾಡುವವರೇ.

ಊರು ಬದಲಾದಾಗಲೆಲ್ಲ ಭಾಷೆಯೂ ಬದಲಾಗುತ್ತಿತ್ತು. ಮಂಗಳೂರಿನಲ್ಲಿ ಮನೆಯ ಮಾತು ತುಳು, ಕೊಂಕಣಿ; ಕನ್ನಡ ಶಾಲೆಯ, ಕೋರ್ಟಿನ ಮಾತು. ಮಡಿಕೇರಿಯಲ್ಲಿ ಕೊಡವ ಭಾಷೆ. ಮೈಸೂರಿನವರ ಕನ್ನಡ ಒಂದು ತೆರ, ಧಾರವಾಡದವರದು ಇನ್ನೊಂದು ತೆರ. ಆಗಿನ ಕನ್ನಡನಾಡು ಮದ್ರಾಸು, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರಿಂದ, ಒಂದು ಕಡೆಯ ಪದ ಇನ್ನೊಂದು ಕಡೆಯವರಿಗೆ ತಿಳಿಯದೆ ಹೋಗುತ್ತಿತ್ತು. ಮೇಲಿನವರು ಎತ್ತೆತ್ತಿ ಬೇರೆಡೆ ಇಟ್ಟದ್ದರಿಂದಲೇ ಕಿಟೆಲ್ ಈ ಎಲ್ಲ ಕನ್ನಡಗಳನ್ನೂ ಕೇಳುವಂತಾಯಿತು. ದೈವಸಂಕಲ್ಪ ಎನ್ನಲು ನನಗೆ ಅಡ್ಡಿಯಿಲ್ಲ. ಆದರೆ ಆ ದಿನಗಳಲ್ಲಿ ಅವರಿಗೆ ಅದು ಹಾಗೆ ಕಂಡಿರಲಾರದು.

ಸಂಸಾರದಲ್ಲಿಯೂ ದುಃಖ ಬಂತು. 1860ರಲ್ಲಿ ಪೌಲೀನ್ ಎಂಬ ಕನ್ಯೆಯನ್ನು ಮದುವೆಯಾದರು. ನಾಲ್ಕು ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯವರನ್ನು ಕಿಟೆಲ್ ವರಿಸಿದರು. ಬಾಸೆಲ್ ಮಿಷನ್ನಿನ ಕುಟುಂಬಗಳಲ್ಲಿ ಒಂದು ಕಠಿಣವಾದ ಪದ್ಧತಿ ಇತ್ತು. ಮಕ್ಕಳಿಗೆ ಶಾಲೆಯ ವಯಸ್ಸಾದೊಡನೆ ಅವರನ್ನು ಐರೋಪ್ಯ ದೇಶಕ್ಕೆ ಕಳುಹಿಸುತ್ತಿದ್ದರು. ಅದಕ್ಕಾಗಿ ಬಾಸೆಲ್‌ನಲ್ಲಿ ಮಕ್ಕಳ ಮನೆಯನ್ನೇ ನಡೆಸುತ್ತಿದ್ದರು. ಇಲ್ಲಿ ಆಯಾಗಳ ಕೈಯಲ್ಲಿ ಬೆಳೆದು ಕನ್ನಡವನ್ನೋ ತುಳುವನ್ನೋ ತೊದಲುತ್ತಿದ್ದ ಮಕ್ಕಳು ಅಲ್ಲಿಗೆ ಹೋಗಿ ಕ್ರಮೇಣ ಅದನ್ನು ಮರೆಯುತ್ತಿದ್ದರು. ತಂದೆ-ತಾಯಿ ಕಾಗದದಲ್ಲಿ ಮಾತ್ರ ಉಳಿಯುತ್ತಿದ್ದರು. ಒಂದು ಜನಾಂಗದ ಭಾಷೆಯನ್ನು ಕಲಿಯಲು ಬಂದವರು ತಮ್ಮ ಮಕ್ಕಳ ಬಾಯಿಯ ಮಾತನ್ನು ಕೇಳದೆ ವರ್ಷಗಳನ್ನು ಕಳೆಯುತ್ತಿದ್ದರು. ಅವರ ತ್ಯಾಗವನ್ನು ಹೊಗಳುವವರು ಬಹಳ. ಆ ಮಕ್ಕಳಿಗೆ ಏನನ್ನಿಸಿತೆಂದು ಕೇಳಿದವರು ಕಡಿಮೆ. ಮಕ್ಕಳನ್ನು ದೂರದ ಹಾಸ್ಟೆಲುಗಳಿಗೆ ಕಳುಹಿಸುವ ನಮ್ಮ ಕುಟುಂಬಗಳು ಇದನ್ನು ಸ್ವಲ್ಪ ಯೋಚಿಸಲಿ.

1862ರಲ್ಲಿ ಕಿಟೆಲ್ ಕಥಾಮಾಲೆ ಎಂಬ ಕಾವ್ಯವನ್ನು ಪ್ರಕಟಿಸಿದ್ದರು. ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದ ಪುಸ್ತಕ ಅದು. ಕನ್ನಡಿಗರು ಕಥೆಯನ್ನು ಓದುವವರಲ್ಲ, ಕೇಳುವವರು. ಪುರಾಣವನ್ನು ಹಾಡಿ ಹೇಳಿದರೆ ಊರೇ ಕೂಡುತ್ತದೆ ಎಂಬುದನ್ನು ಅವರು ಅರಿತಿದ್ದರು. ಇದೇ ಅರಿವು ಅವರಿಗಿಂತ ಎರಡೂವರೆ ಶತಮಾನ ಮೊದಲು ಗೋವೆಯಲ್ಲಿದ್ದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಅವರಿಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1616ರಲ್ಲಿ ಸುಮಾರು 11,000 ಓವಿಗಳ ಕ್ರಿಸ್ತಪುರಾಣವನ್ನು ಮರಾಠಿಯಲ್ಲಿ ಹೊರತಂದರು. ಕೊಂಕಣಿಗೆ ವ್ಯಾಕರಣವನ್ನೂ ಬರೆದರು. ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ ಇಟಲಿಯ ಗುರು ಲೆಯೊನಾರ್ದೊ ಚಿನ್ನಾಮಿಯವರು ಹದಿನೇಳನೆಯ ಶತಮಾನದ ಮಧ್ಯದಲ್ಲೇ ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದವರು. ಇವರೆಲ್ಲರ ಕೆಲಸ ನಮ್ಮ ಯುವಜನರಿಗೆ ಗೊತ್ತಿಲ್ಲದಿರುವುದು ವಿಷಾದದ ಸಂಗತಿ.

ಡಿಸೆಂಬರ್ ಮೂರರ ಹಬ್ಬಕ್ಕೆ ಗೋವೆಗೆ ಹೋಗುವ ನಮ್ಮ ಭಾಗದ ಯಾತ್ರಿಕರಿಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಒಂದು ಪ್ರಸಂಗವನ್ನೂ ಹೇಳಬೇಕು. 1549ರಲ್ಲಿ ಜಪಾನಿಗೆ ಹೋದ ಸಂತರು, ಜೊತೆಗಿದ್ದ ಜಪಾನಿ ಕ್ರೈಸ್ತನ ಸಲಹೆಯಂತೆ ದೇವರಿಗೆ ದೈನಿಚಿ ಎಂಬ ಪದವನ್ನು ಬಳಸಿದರು. ಕೇಳಿದ ಜನ ಸಂತೋಷದಿಂದ ತಲೆಯಾಡಿಸಿದರು. ಕೆಲಕಾಲದ ಮೇಲೆ ತಿಳಿಯಿತು, ಅದು ಬೌದ್ಧರು ಪೂಜಿಸುವ ಬುದ್ಧನೊಬ್ಬನ ಹೆಸರು! ಅಂದಿನಿಂದ ಅವರು ಲತೀನಿನ ದೇಊಸ್ ಎಂಬ ಪದವನ್ನೇ ಉಳಿಸಿಕೊಂಡರು. ಪರಿಚಿತ ಪದ ಇಟ್ಟರೆ ಹಳೆಯ ಅರ್ಥ ಬಂದು ಕೂಡುತ್ತದೆ. ಪರದೇಶದ ಪದ ಇಟ್ಟರೆ ಯಾವ ಅರ್ಥವೂ ಬರುವುದಿಲ್ಲ. ಈ ಇಕ್ಕಟ್ಟಿನಿಂದ ಸಂತರಿಗೂ ಬಿಡುಗಡೆಯಿಲ್ಲ. ಕಿಟೆಲ್ 1872ರಲ್ಲಿ ಯಜ್ಞವನ್ನು ಕುರಿತು ಪುಸ್ತಕ ಬರೆದು, ವೇದಗಳ ಯಜ್ಞದ ಕಲ್ಪನೆಯಿಂದ ಕ್ರಿಸ್ತರ ಬಲಿಯ ಕಡೆಗೆ ದಾರಿ ಹುಡುಕಿದ್ದೂ ಇದೇ ಇಕ್ಕಟ್ಟಿನಲ್ಲಿ. ಅವರ ತೀರ್ಮಾನಗಳೆಲ್ಲವನ್ನೂ ಇಂದಿನ ದೈವಶಾಸ್ತ್ರ ಒಪ್ಪಬೇಕೆಂದಿಲ್ಲ. ನಾವು ಬಲಿಪೂಜೆ ಎನ್ನುವಾಗ ಬಲಿ, ಪೂಜೆ ಎರಡೂ ಈ ನೆಲದಿಂದ ಪಡೆದ ಪದಗಳೇ ಎಂಬುದನ್ನು ಮರೆಯಬಾರದು.

ಅವರ ಜೀವನದ ದೊಡ್ಡ ಕೆಲಸಕ್ಕೆ ಈಗ ಬರೋಣ. ಕನ್ನಡ-ಇಂಗ್ಲಿಷ್ ನಿಘಂಟು ಅದಕ್ಕೆ ಮೊದಲು ಇರಲಿಲ್ಲವೆಂದಲ್ಲ. ರೀವ್ ಎಂಬ ಮಿಷನರಿಯದು 1832ರಲ್ಲಿ ಬಂದಿತ್ತು. ಅದು ಸಾಲದಾಗಿತ್ತು. ಮಿಷನ್ನು ದೊಡ್ಡ ನಿಘಂಟಿನ ಭಾರವನ್ನು ಕಿಟೆಲ್ ಅವರ ಮೇಲೆ ಹೊರಿಸಿತು. ಬೇರೆ ಯಾರಾದರೂ ಇದ್ದ ಪುಸ್ತಕವನ್ನೇ ತಿದ್ದಿ ಮುಗಿಸುತ್ತಿದ್ದರೋ ಏನೋ. ಕಿಟೆಲ್ ಮೂಲಕ್ಕೆ ಹೋದರು. ಹಳಗನ್ನಡ ತಿಳಿಯದೆ ಹೊಸಗನ್ನಡದ ಬೇರು ತಿಳಿಯದು ಎಂದು ತಾಳೆಗರಿಯ ಪ್ರತಿಗಳನ್ನು ಓದಿದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಮಾಡಿಸಿದರು. ಜೈನರ, ವೀರಶೈವರ, ಬ್ರಾಹ್ಮಣರ ಗ್ರಂಥಗಳನ್ನು ಬಲ್ಲ ಪಂಡಿತರ ಮುಂದೆ ಶಿಷ್ಯನಂತೆ ಕುಳಿತರು. ತಮ್ಮ ಧರ್ಮವನ್ನು ಬೋಧಿಸಲು ಬಂದವರು ಇತರರ ಧರ್ಮಗ್ರಂಥಗಳ ಪದಪದವನ್ನೂ ಹತ್ತಾರು ವರ್ಷ ಓದಬೇಕಾಯಿತು. ಹಾಗೆ ಓದುವವನ ಮನಸ್ಸು ಮೊದಲಿನಂತೆ ಉಳಿಯುತ್ತದೆಯೇ? ಮತಾಂತರ ಎಂಬ ಮಾತನ್ನು ಕೇಳಿದೊಡನೆ ಇಂದು ಎಲ್ಲೆಡೆ ಜಗಳ. ಈ ಬಗೆಯ ಮನಃಪರಿವರ್ತನೆಯನ್ನು ಅದರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪಂಡಿತರಷ್ಟೇ ಅಲ್ಲ. ಗಾದೆಗಳನ್ನು ಸಂಗ್ರಹಿಸಿದರು; ಆಡುಮಾತನ್ನು ಕೇಳಿ ಬರೆದುಕೊಂಡರು. ಇಲ್ಲಿಯೇ ಅವರ ದೊಡ್ಡತನ. ಸಂಸ್ಕೃತದ ಪದವೇ ಶ್ರೇಷ್ಠ, ರೈತನ ಪದ ಒರಟು ಎಂಬ ಭಾವನೆ ಆಗ ಬಲವಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ, ನಮ್ಮ ಪ್ರಬೋಧನೆಗಳನ್ನು ಕೇಳಿದರೆ ಗೊತ್ತಾಗುತ್ತದೆ. ಕಿಟೆಲ್ ಪ್ರತಿ ಪದದ ಕುಲವನ್ನು ವಿಚಾರಿಸಿದರು: ಇದು ಅಚ್ಚಗನ್ನಡವೇ, ಸಂಸ್ಕೃತದ ತದ್ಭವವೇ, ಬೇರೆಡೆಯಿಂದ ಬಂದದ್ದೇ? ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಅಕ್ಕತಂಗಿಯರು ಯಾರು? ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ಪದಗಳ ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಟ್ಟರು. ದೊಡ್ಡ ಭಾಷೆ ಸಣ್ಣ ಭಾಷೆಗೆ ಸಾಲಗಾರನಾಗಬಹುದು ಎಂದು ಹೇಳಲು ಆ ಕಾಲದಲ್ಲಿ ಧೈರ್ಯ ಬೇಕಿತ್ತು.

ಪದ ಯಾವ ಸೀಮೆಯದು ಎಂಬುದನ್ನೂ ಅವರು ಗುರುತು ಹಾಕಿ ಸೂಚಿಸಿದರು. ಮೈಸೂರಿನ ಬಳಕೆಗೆ ಒಂದು ಗುರುತು. ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ಧಾರವಾಡ, ಗದಗ, ಹುಬ್ಬಳ್ಳಿಯ ಭಾಗದ ಬಳಕೆಗೆ ಇನ್ನೊಂದು. ಪುಟ ತಿರುವುತ್ತ ಹೋದರೆ ಈ ಎರಡನೆಯ ಗುರುತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

1877ರಲ್ಲಿ ಜರ್ಮನಿಗೆ ಹಿಂದಿರುಗಿದ್ದ ಅವರು 1883ರಲ್ಲಿ, ಐವತ್ತು ದಾಟಿದ ಮೇಲೆ, ಈ ಕೆಲಸಕ್ಕಾಗಿಯೇ ಮತ್ತೆ ಬಂದರು. ಪುಸ್ತಕಗಳಿಂದಲೇ ಅಲ್ಲಿ ಕುಳಿತು ಮುಗಿಸಬಹುದಿತ್ತಲ್ಲ ಎನ್ನಬೇಡಿ. ಹೇಳುವವರ ಬಾಯಿ ಇಲ್ಲಿತ್ತು. 1892ರಲ್ಲಿ ಕೊನೆಯ ಬಾರಿಗೆ ಭಾರತವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು: 1,752 ಪುಟಗಳು, ಸುಮಾರು 70,000 ಪದಗಳು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಕನ್ನಡ, ರೋಮನ್ ಲಿಪಿಗಳ ಒಂದೊಂದು ಅಚ್ಚುಮೊಳೆಯನ್ನೂ ಕೈಯಿಂದ ಜೋಡಿಸಿದ ಮಂಗಳೂರಿನ ಕೆಲಸಗಾರರನ್ನು ಯಾರೂ ಹೆಸರಿಸುವುದಿಲ್ಲ. ಅವರನ್ನೂ ಒಮ್ಮೆ ನೆನೆಯೋಣ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗನ್‌ನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಎಪ್ಪತ್ತೊಂದು ವರ್ಷ.

ಕಥಾಮಾಲೆಯನ್ನು ಇಂದು ಓದುವವರು ವಿರಳ. ಅವರ ಬೋಧನೆಗಳನ್ನು ಬರೆದಿಟ್ಟವರಿಲ್ಲ. ಉಳಿದದ್ದು ಅವರು ಹೇಳಿದ್ದಲ್ಲ, ಕೇಳಿಸಿಕೊಂಡದ್ದು. ಪೆಂತೆಕೋಸ್ತ್ ದಿನದ ವಾಚನವನ್ನು ಪೂಜೆಯಲ್ಲಿ ಕೇಳುವಾಗ ಪ್ರೇಷಿತರ ನಾಲಿಗೆಯ ಮೇಲೆ ನಮ್ಮ ಗಮನ ಹೋಗುತ್ತದೆ. ಸಂತ ಲೂಕರಾದರೋ ಜನರ ಕಿವಿಯನ್ನು ಕುರಿತು ಹೆಚ್ಚು ಹೇಳುತ್ತಾರೆ: ಪಾರ್ಥ್ಯರು, ಮೇದ್ಯರು, ಈಜಿಪ್ಟಿನವರು, ರೋಮಿನವರು, ಪ್ರತಿಯೊಬ್ಬರೂ ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ಕೇಳಿದರು. ಪ್ರಭುವೇ ಆಡಿದ್ದು ಅರಮಾಯಿಕ್ ಭಾಷೆಯನ್ನು. ಶುಭಸಂದೇಶಗಳು ನಮಗೆ ದೊರೆತಿರುವುದು ಗ್ರೀಕ್‌ನಲ್ಲಿ. ಮೊದಲ ದಿನದಿಂದಲೇ ನಮ್ಮ ವಿಶ್ವಾಸ ಅನುವಾದದಲ್ಲಿ ಬದುಕಿದೆ. 1963ರ ಡಿಸೆಂಬರ್‌ನಲ್ಲಿ ಮಹಾಸಭೆಯು ಜನರ ಭಾಷೆಗಳಿಗೆ ಪೂಜಾವಿಧಿಯ ಬಾಗಿಲನ್ನು ತೆರೆದಾಗ ಹೊಸದೇನನ್ನೋ ಮಾಡಿದಂತೆ ಕೆಲವರು ಗಾಬರಿಯಾದರು. ಲತೀನ್ ಕೂಡ ಒಂದು ಕಾಲದಲ್ಲಿ ಅನುವಾದವೇ ಆಗಿತ್ತು.

ನಮ್ಮ ಧರ್ಮಕೇಂದ್ರಗಳಲ್ಲಿ ಕೊಂಕಣಿಯ ಕುಟುಂಬಗಳಿವೆ, ತಮಿಳಿನವಿವೆ, ತೆಲುಗಿನವಿವೆ, ಮರಾಠಿಯವಿವೆ. ಹಬ್ಬದ ಪೂಜೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂದರೆ ಮುಖಗಳು ಬಿಗಿಯಾಗುವುದನ್ನು ನೀವೂ ಕಂಡಿದ್ದೀರಿ. ಈಗ ಇನ್ನೊಂದು ಸಮಸ್ಯೆ ಮನೆಯೊಳಗೇ ಬಂದಿದೆ. ಇಂಗ್ಲಿಷ್ ಮಾಧ್ಯಮದ ಮೊಮ್ಮಗನಿಗೆ ಅಜ್ಜಿಯ ಅರ್ಧ ಮಾತು ತಿಳಿಯುವುದಿಲ್ಲ. ರಂಟೆ, ಕುಂಟೆ, ಕೂರಿಗೆ ಎಂದರೆ ಏನು, ಎರಿ ಹೊಲ ಯಾವುದು, ಮಸಾರಿ ಹೊಲ ಯಾವುದು ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಅಜ್ಜಿಗೆ ಅವನ ಇಂಗ್ಲಿಷ್ ತಿಳಿಯುವುದಿಲ್ಲ. ಇಬ್ಬರೂ ಒಂದೇ ಸೂರಿನಡಿ ಕುಳಿತು ಟಿ.ವಿ. ನೋಡುತ್ತಾರೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ; ಹೊಟ್ಟೆಪಾಡಿನ ಭಾಷೆಯನ್ನು ಕಲಿಯಲೇಬೇಕು. ಆದರೆ ಕುಟುಂಬ ಪ್ರಾರ್ಥನೆಯ ಜಪಸರವಾದರೂ ಅಜ್ಜಿಗೆ ತಿಳಿಯುವ ಮಾತಿನಲ್ಲಿರಲಿ.

ಮದ್ರಾಸು ವಿಶ್ವವಿದ್ಯಾಲಯದವರು ಕಿಟೆಲ್ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಸಂಪಾದಕರು ಎಂ. ಮರಿಯಪ್ಪ ಭಟ್ಟರು. ದೊಡ್ಡ ಗ್ರಂಥಾಲಯಗಳಲ್ಲಿ ಇದು ಸಿಗುತ್ತದೆ. ಮೂಲದ ಮರುಮುದ್ರಣಗಳೂ ಇವೆ. ರಜೆಯಲ್ಲಿ ಮಕ್ಕಳು ಬಂದಾಗ ಅಜ್ಜಿಯ ಬಾಯಿಯಿಂದ ಹತ್ತು ಪದಗಳನ್ನು ಬರೆದುಕೊಳ್ಳಲು ಹೇಳಿ. ಕರೆದುಕೊಂಡು ಹೋಗಿ ನಿಘಂಟಿನಲ್ಲಿ ಹುಡುಕಿಸಿ. ಕೆಲವು ಸಿಗಲಿಕ್ಕಿಲ್ಲ. ಸಿಕ್ಕ ಪದದ ಮುಂದೆ ದಕ್ಷಿಣ ಮರಾಠಾ ಸೀಮೆಯ ಗುರುತು ಇದ್ದರೆ ಮಗುವಿಗೆ ತೋರಿಸಿ ಹೇಳಿ: ನೂರಮೂವತ್ತು ವರ್ಷಗಳಿಗೂ ಹಿಂದೆ ಈ ಕಡೆಯವರು ಯಾರೋ ಈ ಪದವನ್ನು ಆಡಿದರು, ಎದುರಿಗೆ ಕುಳಿತ ಒಬ್ಬ ಪರದೇಶಿ ಪಾದ್ರಿ ಅದನ್ನು ಬರೆದುಕೊಂಡರು.